ಬಿತ್ತಿದ ಮರಳು

ಅಮೃತಹಳ್ಳಿಯ ಮನೆಯೊಡತಿ, ಸದ್ಯಕ್ಕೆ ರೈಲಿನ ಕೆಳಗಿನ ಬರ್ತಿನ ಒಡತಿ, ನನ್ನ ಅತ್ತೆ ಗೋಪಾಲಮ್ಮನವರಿಗೆ ಸೊಸೆ ನಯನಾ ಮಾಡುವ ನಮಸ್ಕಾರಗಳು.

ಚಕ್ಕುಲಿ ಡಬ್ಬದ ಕೆಳಗೆ ಲಕೋಟೆ ಎಲ್ಲಿಂದ ಬಂತು ಎಂದು ಹುಬ್ಬು ಗಂಟಿಕ್ಕಿಕೊಂಡಿರುತ್ತೀರಿ. ಪುಳಿಯೋಗರೆ ಖಾಲಿಯಾಗುವ ತನಕ ಚಕ್ಕುಲಿ ಡಬ್ಬಕ್ಕೆ ಯಾರೂ ಕೈ ಹಾಕುವಂತಿಲ್ಲ ಎನ್ನುವುದು ನಿಮ್ಮ ಕಾನೂನು. ಹಾಗಾಗಿ ಯಶವಂತಪುರ ಬಿಟ್ಟು ಒಂದು ರಾತ್ರಿ ಕಳೆದ ಮೇಲೆಯೇ ಇದು ನಿಮಗೆ ಸಿಗುತ್ತದೆ ಎಂದು ಯೋಚಿಸಿಯೇ ಅಲ್ಲಿಟ್ಟೆ. ಅಷ್ಟು ದೂರ ಹೋದ ಮೇಲೆ ಸಿಟ್ಟು ಬಂದರೂ ಇಳಿದು ವಾಪಸ್ ಬರುವ ಹಾಗಿಲ್ಲ. ಎದುರಿಗೆ ಕೂತ ನಿಮ್ಮ ತಂಗಿ ಸೊಣ್ಣಮ್ಮ ಚಿಕ್ಕಮ್ಮ "ಏನಕ್ಕಾ ಅದು, ಜೋರಾಗ್ ಓದು" ಎಂದು ಪೀಡಿಸುತ್ತಿರುತ್ತಾರೆ. ಓದಿ ಹೇಳಿ, ಇದರಲ್ಲಿ ಗುಟ್ಟೇನೂ ಇಲ್ಲ.

ದಿನವೂ ಎದುರೆದುರು ಕೂತು ಅವರೆಕಾಯಿ ಬಿಡಿಸುವ ನಾವು ಕಾಗದ ಬರೆದುಕೊಳ್ಳುವಂತಾಯಿತಲ್ಲ ಎಂದು ನನಗೂ ನಗು ಬರುತ್ತಿದೆ. ಏನು ಮಾಡಲಿ ಹೇಳಿ. ಈ ವಿಷಯ ಎತ್ತಿದಾಗಲೆಲ್ಲ "ಅದ್ ಬುಡು ಅತ್ಲಾಗೆ" ಎಂದು ಎದ್ದೇ ಬಿಡುತ್ತೀರಿ. ಒಮ್ಮೆ ಮೋಟರ್ ಆಫ್ ಮಾಡಬೇಕು, ಒಮ್ಮೆ ಮೂರನೇ ಮಹಡಿಯ ಬಾಡಿಗೆಯವರ ನಲ್ಲಿ ಸೋರುತ್ತಿದೆ, ಒಮ್ಮೆ ಯಾರೋ ಗೇಟಿನ ಮುಂದೆ ಕಾರು ನಿಲ್ಲಿಸಿದ್ದಾರೆ. ಎದ್ದು ಹೋಗಲು ನಿಮಗೆ ಕಾರಣ ಬೇಕೆಂದರೆ ನಾಲ್ಕು ಮಹಡಿಯ ಮನೆಯೇ ಇದೆ. ರೈಲಿನಲ್ಲಿ ಅದು ಯಾವುದೂ ಇಲ್ಲ, ಕೂತು ಓದಲೇಬೇಕು.

ವಿಷಯ ಇಷ್ಟು. ಸಂಜಯನಗರಕ್ಕೆ ಹೋಗಿ ಬಂದ ಆ ಭಾನುವಾರದಿಂದ ಈಚೆಗೆ ನೀವು ಒಂದೇ ಒಂದು ಫೋಟೋ ತೆಗೆದಿಲ್ಲ. ಈಗ ಮತ್ತೆ ರಾಜಸ್ಥಾನದ ಅದೇ ಮರಳುಗಾಡಿಗೆ ಹೊರಟಿದ್ದೀರಿ. ಸೂಟ್‌ಕೇಸಿಗೆ ಸೀರೆ ಜೋಡಿಸುತ್ತಾ "ಈ ಸಲ ಪಟಗಿಟ ಏನಿಲ್ಲ ಕಣಮ್ಮ, ಸೊಣ್ಣೀಗೆ ತೋರ್ಸ್ಕೊಂಡ್ ಬತ್ತೀನಿ ಅಷ್ಟೇಯಾ" ಎಂದಿರಿ. ಎಷ್ಟು ಹಗುರವಾಗಿ ಹೇಳಿದಿರಿ, ನನಗೆ ಎಷ್ಟು ಭಾರವಾಯಿತು! ನೀವು ಮತ್ತೆ ತೆಗೆಯಬೇಕು ಅತ್ತೆ. ಅದೇ ಫೋಟೋವನ್ನು, ಅದೇ ಮರಳಿನ ಮೇಲೆ ನಿಂತು, ಹೋದ ಸಲಕ್ಕಿಂತ ಚೆನ್ನಾಗಿ ತೆಗೆಯಬೇಕು. ಇದನ್ನು ಹೇಳುವುದಕ್ಕೇ ಈ ಕಾಗದ.

ನನ್ನ ಹೊಟ್ಟೆಪಾಡೇ ಫೋಟೋ. ಆರ್.ಟಿ. ನಗರದ ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಜೋಡಿಸುತ್ತೇನೆ. ಒಂದೊಂದು ಮದುವೆಗೆ ಸಾವಿರಾರು ಫೋಟೋ ಬರುತ್ತವೆ, ಅದರಲ್ಲಿ ನಿಂತು ನೋಡುವಂಥವು ಕೈಬೆರಳಲ್ಲಿ ಎಣಿಸುವಷ್ಟು. ದುಬಾರಿ ಕ್ಯಾಮೆರಾ ಕೊರಳಿಗೆ ಹಾಕಿಕೊಂಡವರೆಲ್ಲ ನೋಡಲು ಬಲ್ಲವರು ಎಂಬ ಭ್ರಮೆ ನನಗೆ ಹೋಗಿ ಬಹಳ ಕಾಲವಾಯಿತು. ಅದಕ್ಕೇ ನಿಮ್ಮ ಮಗ ನಿಮಗೆ ಹೊಸ ಫೋನ್ ಕೊಡಿಸಿದಾಗ ನಾನು ಅಂಥದ್ದೇನೂ ನಿರೀಕ್ಷಿಸಿರಲಿಲ್ಲ. ಎಲ್ಲರ ಅತ್ತೆಯರಂತೆ ನೀವೂ ಬೆಳಿಗ್ಗೆ ಎದ್ದು ಮನೆಯ ವಾಟ್ಸಾಪ್ ಗುಂಪಿಗೆ ಗುಲಾಬಿ ಹೂವಿನ ಮೇಲೆ ಶುಭೋದಯ ಬರೆದದ್ದನ್ನು ಕಳಿಸುತ್ತೀರಿ ಎಂದುಕೊಂಡಿದ್ದೆ. ಮಾರನೇ ದಿನ ಆರು ಗಂಟೆಗೆ ಬಂದದ್ದು ಬಟ್ಟೆ ತಂತಿಯ ಮೇಲೆ ಕೂತ ಪಾರಿವಾಳಗಳ ಚಿತ್ರ. ಅದರ ಮಾರನೇ ದಿನ ತೊಳೆದು ಬೋರಲು ಹಾಕಿದ ಹಾಲಿನ ಪಾತ್ರೆಗಳು. ಆಮೇಲೆ ಒಂದು ಬೆಳಿಗ್ಗೆಯೂ ತಪ್ಪಲಿಲ್ಲ. ಕಾಫಿಗೆ ಮೊದಲು ನಿಮ್ಮ ಚಿತ್ರ ನೋಡುವುದು ನನಗೆ ಅಭ್ಯಾಸವಾಗಿ ಹೋಯಿತು.

ಹೋದ ಚಳಿಗಾಲ ಮಾವನನ್ನು ಕರೆದುಕೊಂಡು ಟೂರಿನವರ ಜೊತೆ ರಾಜಸ್ಥಾನಕ್ಕೆ ಹೋದಿರಿ. ಚಿಕ್ಕಮ್ಮನಿಗೆ ಮಂಡಿ ಆಪರೇಷನ್ ಆಗಿದ್ದರಿಂದ ಬರಲಾಗಲಿಲ್ಲ ಎಂದು ದಾರಿಯುದ್ದಕ್ಕೂ ಪೇಚಾಡಿದಿರಂತೆ. ಪುಷ್ಕರ, ನಾಥದ್ವಾರ ಮುಗಿಸಿ ಜೈಸಲ್ಮೇರಿಗೆ ಹೋದ ದಿನ ಮಾವ ಫೋನ್ ಮಾಡಿದ್ದರು. "ಬರೀ ಮರಳು ಕಣಮ್ಮ. ಅನ್ನದಾಗೂ ಮರಳು, ಆಸಿಗೇಲೂ ಮರಳು. ನಿಮ್ಮತ್ತೆ ಮಾತ್ರ ಮದುವೆ ಮನೆಗ್ ಬಂದಂಗವ್ಳೆ" ಎಂದು ದೂರಿದರು. ಆ ಸಂಜೆಯೇ ನಿಮ್ಮ ಚಿತ್ರ ಬಂತು. ಕೆಳಗೆ ಒಂದು ಧ್ವನಿ ಸಂದೇಶ. "ಯಾರೋ ಬಿತ್ತವ್ರೆ ನೋಡು ನಯ್ನಾ."

ಅದೇ ಟೂರಿನ ಮಿಕ್ಕವರು ತೆಗೆದ ಫೋಟೋಗಳನ್ನೂ ಆಮೇಲೆ ನೋಡಿದೆ. ಎಲ್ಲರೂ ಮುಳುಗುವ ಸೂರ್ಯನಿಗೆ ಎದುರಾಗಿ ನಿಂತಿದ್ದಾರೆ, ಕೈ ಚಾಚಿ ಸೂರ್ಯನನ್ನು ಅಂಗೈಯಲ್ಲಿ ಹಿಡಿದಿದ್ದಾರೆ, ಇಲ್ಲವೇ ಒಂಟೆಯ ಪಕ್ಕ ಪೇಟ ಸುತ್ತಿಕೊಂಡು ಹಲ್ಲು ಬಿಟ್ಟಿದ್ದಾರೆ. ಮಾವನೂ ಪೇಟ ಸುತ್ತಿಕೊಂಡಿದ್ದಾರೆ, ದೂರುವುದು ಸುಮ್ಮನೆ. ಆ ಗದ್ದಲದ ನಡುವೆ ನೀವೊಬ್ಬರು ಸೂರ್ಯನನ್ನು ಬಲಕ್ಕೆ ಬಿಟ್ಟು ಪಕ್ಕಕ್ಕೆ ತಿರುಗಿದ್ದೀರಿ. ಗಾಳಿ ಮರಳಿನ ಮೇಲೆ ಎಳೆದ ಗೆರೆಗಳು ಉದ್ದಕ್ಕೂ ಹರಡಿಕೊಂಡಿವೆ. ಇಳಿಬಿಸಿಲು ಪಕ್ಕದಿಂದ ಬಿದ್ದು ಪ್ರತಿ ಗೆರೆಗೂ ಒಂದು ಬದಿ ಬೆಳಕು, ಇನ್ನೊಂದು ಬದಿ ನೆರಳು. ಬಿಸಿಲು ಪಕ್ಕದಿಂದ ಬಂದರೇ ಗೆರೆ ಏಳುತ್ತದೆ ಎಂದು ನಿಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಸ್ಟುಡಿಯೋದಲ್ಲಿ ಎಲ್ಲರಿಗೂ ತೋರಿಸಿದೆ. "ನಮ್ಮತ್ತೆ ತೆಗ್ದಿರೋದು" ಎಂದು ಹೇಳುವಾಗ ನನ್ನ ಗತ್ತು ನೋಡಬೇಕಿತ್ತು ನೀವು.

ಆ ಗತ್ತಿನಲ್ಲೇ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಯುಗಾದಿ ಕಳೆದ ಮೇಲೆ ಒಂದು ಭಾನುವಾರ ನಿಮ್ಮನ್ನು ಸಂಜಯನಗರಕ್ಕೆ ಕರೆದುಕೊಂಡು ಹೋದೆ. ನಾನು ಸದಸ್ಯೆಯಾಗಿರುವ ಫೋಟೋ ಬಳಗ ಯೋಗಾನಂದ ಸರ್ ಮನೆಯ ಮಹಡಿಯಲ್ಲಿ ಸೇರುತ್ತದೆ. ಜಾಲಹಳ್ಳಿಯ ಕಾರ್ಖಾನೆಯಲ್ಲಿ ತಯಾರಾದ ಮಾಲು ಪರೀಕ್ಷಿಸುವ ಕೆಲಸದಲ್ಲಿದ್ದು ನಿವೃತ್ತರಾದವರು ಅವರು. ಇವತ್ತಿಗೂ ಯಾವುದೇ ಚಿತ್ರವನ್ನು ಮೊದಲು ತಿರುಗಿಸಿ ಹಿಂಭಾಗ ನೋಡಿ ಆಮೇಲೆ ಮುಂಭಾಗ ನೋಡುತ್ತಾರೆ. ಅಲ್ಲಿಯ ಪದ್ಧತಿ ನಿಮಗೆ ದಾರಿಯಲ್ಲೇ ಹೇಳಿದ್ದೆ. ಚಿತ್ರವನ್ನು ಮೇಜಿನ ಮೇಲಿಡಬೇಕು. ತೆಗೆದವರು ಕೊನೆಯವರೆಗೆ ಮಾತಾಡುವಂತಿಲ್ಲ. ತೆಗೆದವರ ಮನೆಯವರಂತೂ ಬಾಯಿ ಬಿಡುವಂತೆಯೇ ಇಲ್ಲ, ಏಕೆಂದರೆ ಮನೆಯವರು ಹೊಗಳಿ ಹೊಗಳಿ ಕೆಡಿಸುತ್ತಾರೆ ಎನ್ನುವುದು ಯೋಗಾನಂದ ಸರ್ ನಂಬಿಕೆ. ಮಿಕ್ಕವರು ಒಬ್ಬೊಬ್ಬರಾಗಿ ಒಂದು ಒಳ್ಳೆಯದು, ಒಂದು ತಿದ್ದಬೇಕಾದ್ದು ಹೇಳಬೇಕು. ತೋರಿಸಿ ಹೇಳುವುದಕ್ಕೆ ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಿಂದ ಇಂಗ್ಲಿಷಿನ ಎಲ್ ಅಕ್ಷರದಂತೆ ಕತ್ತರಿಸಿದ ಎರಡು ಮೂಲೆಪಟ್ಟಿಗಳಿರುತ್ತವೆ. ಎರಡನ್ನೂ ಎದುರುಬದುರು ಇಟ್ಟರೆ ಚೌಕಟ್ಟಾಗುತ್ತದೆ, ಸರಿಸಿದಂತೆಲ್ಲ ಚಿತ್ರದ ಅಂಚು ಬದಲಾಗುತ್ತದೆ.

ನಿಮ್ಮ ಚಿತ್ರ ಮೇಜಿಗೆ ಬಂದಾಗ ಎಲ್ಲರೂ ಕುರ್ಚಿ ಎಳೆದುಕೊಂಡು ಮುಂದಕ್ಕೆ ಬಾಗಿದರು. ಅದನ್ನು ನೀವು ಗಮನಿಸಿದಿರೋ ಇಲ್ಲವೋ. ನಾನು ಗಮನಿಸಿದೆ, ಆ ಮನೆಯಲ್ಲಿ ಅದು ಅಪರೂಪ. ಆಮೇಲೆ ಶುರುವಾಯಿತು. ಬೆಳಕು ಚೆನ್ನಾಗಿದೆ ಎಂದರು, ಬಣ್ಣ ಚೆನ್ನಾಗಿದೆ ಎಂದರು. ಆದರೆ ಮಬ್ಬಾಗಿದೆ, ವಾಲಿದೆ, ದೂರದಿಂದ ತೆಗೆದದ್ದು, ಆಕಾಶ ಕಡಿಮೆ. ಜಕ್ಕೂರು ಕೆರೆಯ ಹಕ್ಕಿಗಳ ಹಿಂದೆ ಮೊಳದುದ್ದದ ಲೆನ್ಸ್ ಹಿಡಿದು ಅಲೆಯುವ ಬಾಲರಾಜ "ಡೆಸರ್ಟ್ ಅಂದ್ಮೇಲೆ ಸ್ಕೈ ಬೇಕಲ್ವಾ ಆಂಟಿ? ಒಂದ್ ಒಂಟೆನಾದ್ರೂ ಇರ್ಬೇಕಿತ್ತು. ಆಮೇಲೆ ಈ ಕೆಳಗಡೆ ಗೀರು ಬಿದ್ದಿದೆಯಲ್ಲ, ಇದನ್ನ ಸಾಫ್ಟ್‌ವೇರಲ್ಲಿ ಅಳಿಸ್ಬಿಡಿ" ಎಂದ. ಯೋಗಾನಂದ ಸರ್ ಮೂಲೆಪಟ್ಟಿಗಳನ್ನು ಮೇಲೆ ಕೆಳಗೆ ಸರಿಸಿ ಸರಿಸಿ, ಕೊನೆಗೆ ಎತ್ತಿಟ್ಟು, "ಮೇಲ್ಗಡೆ ಇನ್ನೊಂದ್ ಸ್ವಲ್ಪ ಆಕಾಶ ಬಿಟ್ಟಿದ್ರೆ ಚಿತ್ರಕ್ಕೆ ಉಸಿರು ಬರ್ತಿತ್ತು. ಅದಿರ್ಲಿ, ಅಷ್ಟು ಚೆನ್ನಾಗಿರೋ ಮರಳಿನ ಹತ್ರ ನೀವು ಯಾಕಮ್ಮ ಹೋಗ್ಲಿಲ್ಲ?" ಎಂದು ಕೇಳಿದರು.

ಆಗ ನಿಮಗೆ ಮಾತಾಡುವ ಸರದಿ. ನೀವು ಏನೂ ಯೋಚಿಸದೆ ಹೇಳಿದಿರಿ, "ಬಿತ್ತಿದ್ ಒಲ್ದಾಗೆ ಚಪ್ಲಿ ಆಕ್ಕೊಂಡು ಓಗಕ್ಕಾಯ್ತದಾ ಸ್ವಾಮಿ?"

ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ ಅದು, ನೀವೂ ಅವರೊಂದಿಗೆ ನಕ್ಕಿರಿ, ಕೊಟ್ಟ ಟೀ ಕುಡಿದಿರಿ, ಬಾಲರಾಜನ ತಾಯಿಯ ಊರು ಯಾವುದು ಎಂದೂ ವಿಚಾರಿಸಿದಿರಿ. ಆದರೆ ವಾಪಸ್ ಬರುವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಕಾರು ನಿಂತಿತ್ತಲ್ಲ, ಯಾವಾಗಲೂ ಕತ್ತು ಚಾಚಿ ಕೆರೆ ನೋಡುವವರು ಆ ದಿನ ನೋಡಲಿಲ್ಲ. ಚಿತ್ರವನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು ಕೂತಿದ್ದಿರಿ. ಮಾರನೇ ಬೆಳಿಗ್ಗೆ ಆರಕ್ಕೆ ಫೋನ್ ನೋಡಿದೆ, ಏನೂ ಬಂದಿರಲಿಲ್ಲ. ಜ್ವರವೇನೋ ಎಂದು ಕೆಳಗಿಳಿದು ಬಂದರೆ ನೀವು ಆರೋಗ್ಯವಾಗಿ ಬಾಗಿಲಿಗೆ ನೀರು ಹಾಕುತ್ತಿದ್ದಿರಿ.

ನಾನು ಆ ದಿನ ನಗಲಿಲ್ಲ ಅತ್ತೆ. ಚಪ್ಪಲಿಯ ವಿಷಯದಲ್ಲಿ ನಿಮ್ಮಿಂದ ಮೊದಲು ಬೈಸಿಕೊಂಡವಳು ನಾನೇ. ನೆನಪಿದೆಯೇ? ಮದುವೆಯಾದ ಹೊಸತು, ಮನೆಯ ಹಿಂದೆ ಆಗಿನ್ನೂ ಒಂದು ತುಂಡು ರಾಗಿ ಹೊಲ ಉಳಿದಿತ್ತು. ಜಾಲಹಳ್ಳಿಯ ಕ್ವಾರ್ಟರ್ಸಿನಲ್ಲಿ ಬೆಳೆದ ನನಗೆ ರಾಗಿ ಎಂದರೆ ಮುದ್ದೆ, ಅಷ್ಟೇ ಗೊತ್ತು. ಹೊಲದ ಆಚೆ ನಿಂತಿದ್ದ ನಿಮಗೆ ಕಾಫಿ ಕೊಡಲು ಹೀಲ್ಸ್ ಹಾಕಿಕೊಂಡು ಸೀದಾ ಅಡ್ಡ ನಡೆದು ಬಂದೆ. ಕೂರಿಗೆಯಲ್ಲಿ ಸಾಲು ಸಾಲಾಗಿ ಬಿತ್ತಿ ಇನ್ನೂ ಎರಡು ದಿನವಾಗಿರಲಿಲ್ಲವಂತೆ. "ಏಯ್ ನಯ್ನಾ! ಚಪ್ಲಿ ಬುಡು ಮೊದ್ಲು! ಸಾಲ್ ತುಳೀಬ್ಯಾಡ ಕಣೇ, ಸಾಲ್ ಸಂದೀಲಿ ಬಾ" ಎಂದು ಇಡೀ ಅಮೃತಹಳ್ಳಿಗೆ ಕೇಳುವಂತೆ ಕೂಗಿದಿರಿ. ನಾನು ಚಪ್ಪಲಿ ಕೈಯಲ್ಲಿ ಹಿಡಿದು, ಕಾಫಿ ಅರ್ಧ ಚೆಲ್ಲಿಕೊಂಡು, ಸಾಲಿನ ನಡುವಿನ ಸಂದಿಯಲ್ಲಿ ಹೆಜ್ಜೆ ಮುಂದೆ ಹೆಜ್ಜೆ ಇಟ್ಟು ಬಂದೆ. ಉಳಿದ ಕಾಫಿ ಕುಡಿದು "ಇಂಗೆ ನಡೀಬೇಕು" ಎಂದಿರಿ. ಅಷ್ಟರಲ್ಲಿ ಸಿಟ್ಟು ಇಳಿದಿತ್ತು.

ಈಗ ನನ್ನ ಸರದಿ. ಮನೆಯವರು ಬಾಯಿ ಬಿಡಬಾರದೆಂಬ ಕಾನೂನು ಸಂಜಯನಗರದ ಮಹಡಿಗೆ ಮಾತ್ರ, ರೈಲಿಗಲ್ಲ. ಆ ದಿನ ನುಂಗಿಕೊಂಡದ್ದನ್ನೆಲ್ಲ ಇಲ್ಲಿ ಹೇಳುತ್ತೇನೆ. ಹೊಗಳಿ ಕೆಡಿಸುತ್ತೇನೆ ಎಂದು ಹೆದರಬೇಡಿ, ತಪ್ಪು ಮೊದಲು.

ಚಿತ್ರ ಮಬ್ಬಾಗಿದೆ ಎಂದರಲ್ಲ, ನಿಜ. ಆ ಮಬ್ಬಿಗೆ ಮರಳುಗಾಡಿನ ಧೂಳು ಕಾರಣ ಎಂದು ಅವರೆಲ್ಲ ಅಂದುಕೊಂಡರು. ನಾನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಅದು ಧೂಳಲ್ಲ, ನಿಪ್ಪಟ್ಟಿನ ಎಣ್ಣೆ. ತಿಂದ ಕೈಯಲ್ಲೇ ಫೋನ್ ಹಿಡಿದು ಕ್ಯಾಮೆರಾದ ಕಣ್ಣಿನ ಮೇಲೆ ಬೆರಳಿಟ್ಟಿದ್ದೀರಿ. ಚಿತ್ರ ತೆಗೆಯುವ ಮೊದಲು ಸೆರಗಿನ ತುದಿಯಿಂದ ಆ ಗಾಜನ್ನು ಒರೆಸಿ, ಕನ್ನಡಕ ಒರೆಸುವ ಹಾಗೆ. ನನ್ನ ಮಾತಿಗೆ ಚಿಕ್ಕಮ್ಮ ಈಗ ಕಿಸಕ್ಕನೆ ನಕ್ಕಿರುತ್ತಾರೆ, ಅವರ ಕೈಯಲ್ಲೂ ಚಕ್ಕುಲಿ ಇದೆ ಎಂದು ಹೇಳಿ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಹತ್ತಿರ ಹೋಗುವ ಬದಲು ಎರಡು ಬೆರಳಿನಿಂದ ಚಿತ್ರವನ್ನೇ ಎಳೆದು ಹತ್ತಿರ ತಂದಿದ್ದೀರಿ. ಫೋನಿನಲ್ಲಿ ಹಾಗೆ ಎಳೆದರೆ ಹತ್ತಿರ ಬಂದಂತೆ ಕಾಣುತ್ತದೆ, ಆದರೆ ಚಿತ್ರ ತೆಳುವಾಗುತ್ತದೆ. ದೋಸೆ ಹಿಟ್ಟಿಗೆ ನೀರು ಸುರಿದ ಹಾಗೆ. ಪ್ರಿಂಟಿನಲ್ಲಿ ಮರಳಿನ ಕಣವೇ ಕಾಣುವುದಿಲ್ಲ, ಬರೀ ಕಂದು ಬಣ್ಣ ಕಲಸಿದಂತಿದೆ. ಇನ್ನು ವಾಲಿರುವುದು. ಎಡಕ್ಕೆ ಎಷ್ಟು ಇಳಿದಿದೆಯೆಂದರೆ ಅಲ್ಲಿ ನೀರು ಬಿಟ್ಟರೆ ಎಲ್ಲ ಒಂದೇ ಮೂಲೆಗೆ ಹೋಗಿ ನಿಲ್ಲುತ್ತದೆ. ಪಾತಿಗೆ ನೀರು ಕಟ್ಟಿದ ನಿಮಗೆ ಇದನ್ನು ವಿವರಿಸಬೇಕಿಲ್ಲ. ಎರಡೂ ಕೈಯಲ್ಲಿ ಹಿಡಿಯಿರಿ, ಮೊಣಕೈ ಪಕ್ಕೆಗೆ ಒತ್ತಿಕೊಳ್ಳಿ, ಉಸಿರು ಬಿಟ್ಟು ಆಮೇಲೆ ಒತ್ತಿ.

ತಪ್ಪು ಇಷ್ಟೇ. ಇವೆಲ್ಲ ಕೈಯ ತಪ್ಪುಗಳು ಅತ್ತೆ, ಒಂದು ಬೆಳಿಗ್ಗೆಯಲ್ಲಿ ಕಲಿಯಬಹುದು. ಕಣ್ಣಿನ ತಪ್ಪು ಒಂದೂ ಇರಲಿಲ್ಲ. ನನ್ನ ಪ್ರಕಾರ ಅದರಲ್ಲಿ ಎಡವಿದ್ದು ಅವರು.

ಆಕಾಶದ ವಿಷಯ ನೋಡಿ. ನಿಮ್ಮ ಚಿತ್ರದ ಮೇಲ್ಗಡೆ ಒಂದು ಬೆರಳಿನಷ್ಟು ಆಕಾಶ ಇತ್ತು. ಅದರಲ್ಲಿ ಅರ್ಧ ಜೀಪು, ಒಂದು ಡೇರೆಯ ತುದಿ, ಯಾರದೋ ಕಾಲು. ಇನ್ನೂ ಆಕಾಶ ಬೇಕು ಎಂದರು ಎಲ್ಲರೂ. ಸೋಮವಾರ ಮಧ್ಯಾಹ್ನ ನೀವು ಮಲಗಿದ್ದಾಗ ನಾನು ನಿಮ್ಮ ಪ್ರಿಂಟನ್ನು ಅಡುಗೆಕಟ್ಟೆಯ ಮೇಲೆ ಹರಡಿಕೊಂಡೆ. ನಮ್ಮ ಮದುವೆಯದೇ ಒಂದು ಪತ್ರಿಕೆ ಉಳಿದಿತ್ತು, ಅದನ್ನು ಕತ್ತರಿಸಿ ಮೂಲೆಪಟ್ಟಿ ಮಾಡಿದೆ. ಅವರು ಮಾಡಿದಂತೆ ಮೇಲೆ ಕೆಳಗೆ ಸರಿಸಿದೆ. ಏನೂ ಆಗಲಿಲ್ಲ. ಆಮೇಲೆ ಮೇಲಿನ ಪಟ್ಟಿಯನ್ನು ಇನ್ನೂ ಕೆಳಗೆ ತಂದು, ಆ ಬೆರಳಿನಷ್ಟು ಆಕಾಶವನ್ನೂ ಪೂರ್ತಿ ಮುಚ್ಚಿಬಿಟ್ಟೆ.

ಅಂಚಿನಿಂದ ಅಂಚಿಗೆ ಬರೀ ಸಾಲು. ಜೀಪಿಲ್ಲ, ಡೇರೆಯಿಲ್ಲ, ಎಲ್ಲಿ ಮುಗಿಯುತ್ತದೆ ಎಂದೇ ತಿಳಿಯುವುದಿಲ್ಲ. ಅದೇ ಹೊತ್ತಿಗೆ ನಿಮ್ಮ ಮಗ ಊಟಕ್ಕೆ ಬಂದರು. ಏನೂ ಹೇಳದೆ ತೋರಿಸಿದೆ. ನಿಂತು ನೋಡಿ, "ಇದ್ಯಾವಾಗ ತೆಗ್ದಿದ್ದು? ನಮ್ ಹಿಂದ್ಗಡೆ ಹೊಲ ಅಲ್ವಾ?" ಎಂದರು. ಆ ಹೊಲದಲ್ಲಿ ಆಡಿ ಬೆಳೆದವರು ಅವರು. ಈಗ ಅಲ್ಲಿ ಬಾಡಿಗೆಯವರ ಕಾರುಗಳು ನಿಲ್ಲುತ್ತವೆ, ಅವರದೂ ನಿಲ್ಲುತ್ತದೆ. ಜೈಸಲ್ಮೇರ್ ಎಂದಾಗ ಅವರು ನಂಬಲಿಲ್ಲ, ಮುದ್ದೆ ಆರುವ ತನಕ ಆ ಚಿತ್ರವನ್ನು ಕೈಯಲ್ಲೇ ಹಿಡಿದುಕೊಂಡಿದ್ದರು.

ಬಾಲರಾಜ ಅಳಿಸು ಎಂದ ಗೀರು ಗೊತ್ತಲ್ಲ, ಕೆಳಗೆ ಬಲಮೂಲೆಯಲ್ಲಿ? ಅದು ಗೀರಲ್ಲ. ಹುಳ ನಡೆದ ಜಾಡು. ಸಾಲುಗಳನ್ನು ಅಡ್ಡಕ್ಕೆ ದಾಟಿಕೊಂಡು, ಸಣ್ಣ ಹೊಲಿಗೆ ಹಾಕಿದ ಹಾಗೆ ಹೋಗಿದೆ. ನನ್ನ ಹಾಗೆಯೇ ಅದಕ್ಕೂ ಸಾಲಿನ ಸಂದಿಯಲ್ಲಿ ನಡೆಯುವ ಬುದ್ಧಿ ಇಲ್ಲ. ಇಡೀ ಚಿತ್ರದಲ್ಲಿ ಜೀವವಿರುವ ಒಂದೇ ಒಂದು ಗುರುತು ಅದು, ಒಂಟೆಯೇ ಬೇಕೆಂದವನಿಗೆ ಅದು ಕಾಣಲಿಲ್ಲ. ಆದರೆ ಜಾಡು ಎಲ್ಲಿಗೆ ಹೋಯಿತೆಂದು ನೋಡುವಷ್ಟರಲ್ಲಿ ನಿಮ್ಮ ಚಿತ್ರ ಮುಗಿದು ಹೋಗುತ್ತದೆ. ಒಂದು ಅಂಗೈಯಷ್ಟು ಬಲಕ್ಕೆ ತಿರುಗಿದ್ದರೆ ಸಾಕಿತ್ತು. ಈ ಸಲ ಅಂಥ ಜಾಡು ಕಂಡರೆ ಬಿಡಬೇಡಿ, ಅದಕ್ಕೆ ಚಿತ್ರದೊಳಗೆ ಓಡಾಡಲು ಜಾಗ ಕೊಡಿ.

ನಿಮ್ಮಿಂದ ಮುಚ್ಚಿಟ್ಟ ಒಂದು ವಿಷಯ ಇದೆ. ಮಳೆಗಾಲದಲ್ಲಿ ನಿಮ್ಮ ಫೋನ್ ನನ್ನ ಕೈಗೆ ಕೊಟ್ಟು "ಜಾಗ ಇಲ್ಲ ಅಂತದೆ ಇದು. ಹಳೇ ಪಟ ಎಲ್ಲಾ ಅಳಿಸಾಕು" ಎಂದಿರಿ. ಅಳಿಸಲು ಕೂತೆ. ಇಡ್ಲಿ ತಟ್ಟೆಯಲ್ಲಿ ಇಡ್ಲಿ. ಛತ್ರದಲ್ಲಿ ಊಟಕ್ಕೆ ಕೂತ ಪಂಕ್ತಿ, ಎಲ್ಲರ ತಲೆಯೂ ಎಲೆಯ ಕಡೆ ಬಾಗಿದೆ. ನಮ್ಮ ಎರಡನೇ ಮಹಡಿಯ ಹುಡುಗರು ಬಾಗಿಲಲ್ಲಿ ಬಿಟ್ಟ ಶೂಗಳು. ಎದುರಿನ ಅಪಾರ್ಟ್‌ಮೆಂಟಿನ ಬಾಲ್ಕನಿಗಳು, ಯಲಹಂಕದ ಸಂತೆಯಲ್ಲಿ ಜೋಡಿಸಿಟ್ಟ ಟೊಮೇಟೊ, ಸಹಕಾರನಗರದ ಬಸ್‌ಸ್ಟಾಪಿನಲ್ಲಿ ಛತ್ರಿ ಹಿಡಿದು ನಿಂತವರು. ನೋಡುತ್ತಾ ನೋಡುತ್ತಾ ನನ್ನ ಕೈ ನಿಂತಿತು. ಎಲ್ಲದರಲ್ಲೂ ಸಾಲು ಅತ್ತೆ! ಎರಡು ವರ್ಷ ಬೆಳಿಗ್ಗೆ ಬೆಳಿಗ್ಗೆ ನೋಡಿಯೂ ನನಗೆ ಹೊಳೆದಿರಲಿಲ್ಲ. ಮೊದಲ ದಿನದ ಪಾರಿವಾಳದಿಂದ ಹಿಡಿದು ಜೈಸಲ್ಮೇರಿನ ಮರಳಿನವರೆಗೆ ನೀವು ಒಂದೇ ಚಿತ್ರವನ್ನು ತೆಗೆಯುತ್ತಾ ಬಂದಿದ್ದೀರಿ. ಜಮೀನು ಹೋದದ್ದಕ್ಕೆ ನೀವು ಅತ್ತದ್ದನ್ನು ನಾನು ಕಂಡಿಲ್ಲ. ಬಿಲ್ಡರ್ ಜೊತೆ ಕೂತು ಚೌಕಾಸಿ ಮಾಡಿದವರು ನೀವು, ಮಾವನಲ್ಲ. ಆದರೆ ಬಿತ್ತನೆ ನಿಮ್ಮ ಕಣ್ಣು ಬಿಟ್ಟು ಹೋಗಿಲ್ಲ. ನಾನು ಕೆಲಸ ಮಾಡುವ ಕಡೆ ಹತ್ತಿಪ್ಪತ್ತು ವರ್ಷ ಫೋಟೋ ತೆಗೆದವರಿಗೂ ತಮ್ಮದೆನ್ನುವ ಒಂದು ನೋಟ ಇರುವುದಿಲ್ಲ. ನಿಮಗಿದೆ. ಇದನ್ನು ಎದುರಿಗೆ ಹೇಳಿದ್ದರೆ ನೀವು ಮೋಟರ್ ಆಫ್ ಮಾಡಲು ಹೋಗುತ್ತಿದ್ದಿರಿ.

ನಾನು ಒಂದನ್ನೂ ಅಳಿಸಲಿಲ್ಲ. ಹೊರಡುವ ಹಿಂದಿನ ದಿನ ಫೋನ್ ಎಲ್ಲಿ ಎಂದು ಮನೆಯೆಲ್ಲ ಹುಡುಕಿ ಮಾವನ ಮೇಲೆ ರೇಗಿದಿರಲ್ಲ, ಪಾಪ ಅವರದೇನೂ ತಪ್ಪಿಲ್ಲ. ಅದು ಅಂಗಡಿಯಲ್ಲಿತ್ತು. ದೊಡ್ಡ ಮೆಮೊರಿ ಕಾರ್ಡ್ ಹಾಕಿಸಿದ್ದೇನೆ. ಇನ್ನು ಜಾಗ ಇಲ್ಲ ಎನ್ನುವ ನೆಪವೂ ನಿಮಗಿಲ್ಲ.

ಆಕಾಶ ಮುಚ್ಚಿದ ಚಿತ್ರವನ್ನು ಯೋಗಾನಂದ ಸರ್ ಮುಂದೆ ಇಟ್ಟಿದ್ದೆ. ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ನಾನು ತಪ್ಪು ಹೇಳ್ದೆ ಕಣಮ್ಮ. ಆಕಾಶ ಜಾಸ್ತಿ ಬೇಕಾಗಿರ್ಲಿಲ್ಲ, ಆಕಾಶನೇ ಬೇಡವಾಗಿತ್ತು" ಎಂದರು. ಅಷ್ಟು ಸುಲಭವಾಗಿ ತಪ್ಪು ಒಪ್ಪುವ ಮನುಷ್ಯ ಅಲ್ಲ ಅವರು, ಬಾಲರಾಜ ಕುರ್ಚಿಯಿಂದ ಎದ್ದು ಬಂದು ನೋಡಿದ. ಆದರೆ ಒರೆಸದ ಗಾಜಿನ ಮಬ್ಬನ್ನು ಮೂಲೆಪಟ್ಟಿಯಿಂದ ಮುಚ್ಚಲಾಗುವುದಿಲ್ಲ. ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿದರೆ ಚಿತ್ರ ಚುಕ್ಕೆ ಚುಕ್ಕೆಯಾಗಿ ಒಡೆಯುತ್ತದೆ, ಮತ್ತೆ ತೆಗೆಯಲೇಬೇಕು ಎಂದರು. ಸಂಕ್ರಾಂತಿಗೆ ಬಳಗದ ಪ್ರದರ್ಶನ ಇದೆ. ಬಾಗಿಲ ಎದುರಿನ ಗೋಡೆ ಖಾಲಿ ಬಿಟ್ಟಿದ್ದಾರೆ. "ನಿಮ್ಮತ್ತೆ ಮತ್ತೆ ಯಾವಾಗಮ್ಮ ಹೋಗೋದು?" ಎಂದು ಪ್ರತಿ ಭಾನುವಾರ ಕೇಳುತ್ತಾರೆ. ಚಿಕ್ಕಮ್ಮನಿಗೆ ಮಂಡಿ ವಾಸಿಯಾಗಿ ಟಿಕೆಟ್ ಬುಕ್ ಆಯಿತು ಎಂದಾಗ ಚಿಕ್ಕಮ್ಮನಿಗಿಂತ ಹೆಚ್ಚು ಖುಷಿಪಟ್ಟವರು ಅವರು. ಗೋಡೆಗಾಗಿ ತೆಗೆಯಬೇಕೆಂದು ನಾನು ಹೇಳುತ್ತಿಲ್ಲ. ಖಾಲಿ ಇದ್ದರೆ ಇರಲಿ ಆ ಗೋಡೆ. ಬೆಳಿಗ್ಗೆ ಆರಕ್ಕೆ ನನ್ನ ಫೋನ್ ಖಾಲಿ ಇರುವುದನ್ನು ಮಾತ್ರ ಇನ್ನು ನನಗೆ ಸಹಿಸಲಾಗುವುದಿಲ್ಲ.

ಈಗ ಕೊನೆಯ ಮಾತು, ಚಪ್ಪಲಿಯದು. ಹತ್ತಿರ ಹೋಗಬೇಕಿತ್ತು ಎಂದು ಅವರೆಲ್ಲ ಹೇಳಿದರು. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಬಿತ್ತಿದ ಹೊಲಕ್ಕೆ ಚಪ್ಪಲಿ ಹಾಕಿಕೊಂಡು ಹೋಗಬಾರದು ಎಂದ ನೀವೂ ಸರಿ. ಅದು ಬರೀ ಮರಳು, ಅಲ್ಲಿ ಯಾರೂ ಬಿತ್ತಿಲ್ಲ ಎಂದು ನಿಮಗೂ ಗೊತ್ತು. ಗೊತ್ತಿದ್ದೂ ಕಾಲಿಡಲು ಮನಸ್ಸು ಬರಲಿಲ್ಲವಲ್ಲ, ಆ ಮನಸ್ಸು ಇದ್ದದ್ದರಿಂದಲೇ ನಿಮಗೆ ಆ ಚಿತ್ರ ಕಂಡಿತು, ಪಕ್ಕದಲ್ಲಿ ನಿಂತ ಮಿಕ್ಕವರಿಗೆ ಕಾಣಲಿಲ್ಲ. ಅದನ್ನು ಬಿಡಿ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಬಿತ್ತಿದ ಹೊಲದಲ್ಲಿ ನಡೆಯುವುದು ಹೇಗೆ ಎಂದು ಗೊತ್ತಿಲ್ಲದವಳು ನಾನಾಗಿದ್ದೆ, ನೀವಲ್ಲ.

ಸಂಜೆಯ ಗದ್ದಲದಲ್ಲಿ ಹೋಗಬೇಡಿ. ಜೀಪಿನವನಿಗೆ ಹೇಳಿ ಸೂರ್ಯ ಹುಟ್ಟುವ ಹೊತ್ತಿಗೆ ಕರೆದುಕೊಂಡು ಹೋಗಲು ಒಪ್ಪಿಸಿ, ಬಿಲ್ಡರನ್ನೇ ಒಪ್ಪಿಸಿದ ನಿಮಗೆ ಇದೇನು ಮಹಾ. ರಾತ್ರಿಯ ಗಾಳಿ ಹಿಂದಿನ ದಿನದ ಹೆಜ್ಜೆಗಳನ್ನೆಲ್ಲ ಅಳಿಸಿ ಹೊಸದಾಗಿ ಸಾಲು ಎಳೆದಿರುತ್ತದೆ. ಮರಳು ತಣ್ಣಗಿರುತ್ತದೆ. ಚಪ್ಪಲಿಯನ್ನು ಚಿಕ್ಕಮ್ಮನ ಕೈಗೆ ಕೊಡಿ, ಮಂಡಿ ಹೊಸದಾದರೂ ಹಿಡಿದುಕೊಂಡು ನಿಲ್ಲಲು ಅವರಿಗೆ ಕಷ್ಟವಿಲ್ಲ. ಸೆರಗಿನಿಂದ ಗಾಜು ಒರೆಸಿ. ಆಮೇಲೆ ಸಾಲಿನ ಸಂದಿಯಲ್ಲಿ, ನನಗೆ ಕಲಿಸಿದ ಹಾಗೆ, ಹೆಜ್ಜೆ ಮುಂದೆ ಹೆಜ್ಜೆ ಇಟ್ಟು ನಡೆಯಿರಿ. ಕಳೆ ಕೀಳುವಾಗ ಕೂರುತ್ತಿದ್ದಿರಲ್ಲ, ಹಾಗೆ ಕೂತುಕೊಳ್ಳಿ. ಅಲ್ಲಿಂದ ನಿಮಗೆ ಏನು ಕಾಣುತ್ತದೆ ಎಂದು ನನಗೆ ಗೊತ್ತಿಲ್ಲ, ಆ ಎತ್ತರದಿಂದ ಹೊಲ ನೋಡಿದವಳಲ್ಲ ನಾನು. ಅದನ್ನು ನನಗೆ ತೋರಿಸಿ.

ಲಕೋಟೆಯಲ್ಲಿ ಎರಡು ಮೂಲೆಪಟ್ಟಿಗಳಿವೆ. ಒಂದರಲ್ಲಿ ಗಣೇಶನ ಸೊಂಡಿಲು ಇದೆ, ಇನ್ನೊಂದರಲ್ಲಿ ನಿಮ್ಮ ಹೆಸರು. ಆಹ್ವಾನಿಸುವವರು ಎನ್ನುವ ಜಾಗ ಪೂರ್ತಿ ಉಳಿಯುವಂತೆ ನೋಡಿಯೇ ಕತ್ತರಿಸಿದೆ. ಕಿಟಕಿಗೆ ಹಿಡಿದು ಹೊರಗೆ ನೋಡುತ್ತಿರಿ, ಕೈ ಪಳಗುತ್ತದೆ. ಹೊರಗೆ ಯಾರದೋ ಹೊಲ ಹಾದು ಹೋಗುತ್ತಿರುತ್ತದೆ.

ಮನೆಯ ಯೋಚನೆ ಬೇಡ. ಮೋಟರನ್ನು ನಾನೇ ಆಫ್ ಮಾಡುತ್ತೇನೆ. ಮಾವನಿಗೆ ಮಾತ್ರೆ ಕೊಡುತ್ತೇನೆ, ಮೂರನೇ ಮಹಡಿಯ ನಲ್ಲಿ ರಿಪೇರಿ ಮಾಡಿಸುತ್ತೇನೆ, ಗೇಟಿನ ಮುಂದೆ ಕಾರು ನಿಲ್ಲಿಸಿದವರಿಗೆ ನಿಮ್ಮ ಧಾಟಿಯಲ್ಲೇ ಬೈಯುತ್ತೇನೆ. ದಿನವೂ ಆರು ಗಂಟೆಗೆ ಫೋನ್ ಹಿಡಿದುಕೊಂಡು ಕಾಫಿ ಕಾಯಿಸದೆ ಕೂತಿರುತ್ತೇನೆ. ಇಬ್ಬರೂ ಹುಷಾರಾಗಿ ಹೋಗಿ, ಹೊಟ್ಟೆ ತುಂಬ ತಿನ್ನಿ, ಕೈ ತೊಳೆದುಕೊಳ್ಳಿ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ.

ತಣ್ಣನೆ ಮರಳಿನ ಮೇಲೆ ನಿಂತ ನಿಮ್ಮ ಬರಿಗಾಲಿಗೆ ಇಲ್ಲಿಂದಲೇ ನಮಸ್ಕರಿಸುವ,

ನಿಮ್ಮ ಸೊಸೆ
ನಯನಾ